ಸಿಹಿಯ ವಿಷಯದಲ್ಲಿ ಸತ್ಯ

“ಬೆಲ್ಲ ತಿಂದರೆ ಹೊಟ್ಟೆಯಲ್ಲಿ ಹುಳುವಾಗುತ್ತದೆ” ಎಂದು ಮಗುವನ್ನು ಹೆದರಿಸುವುದು ನಮ್ಮ ಅನೇಕ ಮನೆಗಳಲ್ಲಿ ರೂಢಿ. ಉದ್ದೇಶ ಹಿತವಾದುದು, ಮಾತು ಮಾತ್ರ ಸುಳ್ಳು. ಹುಳುವಿಗೆ ಕಾರಣ ಸಿಹಿಯಲ್ಲ, ಕೈ ಮತ್ತು ಆಹಾರಗಳ ಅಶುಚಿತ್ವ. ಹಿತಕ್ಕಾಗಿ ಆಡಿದರೆ ಅಸತ್ಯವು ನಿರ್ದೋಷವಾಗುವುದೇ? ನಿಜವು ತಿಳಿದ ದಿನ ಮಗು ಸಿಹಿಯ ಭಯದೊಡನೆ ನಮ್ಮ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ.

ನಿಜವಾದ ಕಾರಣವು ಕಠಿಣವೇನಲ್ಲ. ಬಾಯಿಯೊಳಗಿನ ಸೂಕ್ಷ್ಮಾಣುಗಳು ಸಕ್ಕರೆಯಿಂದ ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲವು ಹಲ್ಲನ್ನು ಸವೆಸುತ್ತದೆ. ಇಷ್ಟನ್ನು ಎಳೆಯ ಮಗುವೂ ಗ್ರಹಿಸಬಲ್ಲದು.

ಸಕ್ಕರೆ, ಬೆಲ್ಲ, ಹಣ್ಣಿನ ರಸ ಮೊದಲಾದವುಗಳ ಸಿಹಿಯಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಆಹಾರಶಕ್ತಿಯ ಶೇ. 10ಕ್ಕಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಮಕ್ಕಳಿಗೂ ಹಿರಿಯರಿಗೂ ಮಿತಿ ಒಂದೇ. ಆದುದರಿಂದ ಬೋಧೆಯು ಹಿರಿಯರ ತಟ್ಟೆಯಿಂದಲೇ ಆರಂಭವಾಗಬೇಕು.

“ಪಲ್ಯ ತಿಂದರೆ ಲಾಡು ಕೊಡುತ್ತೇನೆ” ಎಂಬ ಆಮಿಷವು ಪಲ್ಯವನ್ನು ಶಿಕ್ಷೆಯಾಗಿಯೂ ಲಾಡನ್ನು ಪುರಸ್ಕಾರವಾಗಿಯೂ ಮಾಡುತ್ತದೆ. ಬಸದಿಯ ಪಾಠಶಾಲೆಗಳಲ್ಲಿ ಚಾಕಲೇಟಿಗೆ ಬದಲಾಗಿ ಬಾಳೆಯಹಣ್ಣನ್ನು ಹಂಚುವುದು ವ್ಯವಸ್ಥಾಪಕರಿಗೆ ಅಸಾಧ್ಯವಲ್ಲ.

ರಸಪರಿತ್ಯಾಗದಲ್ಲಿ ಹಾಲು, ತುಪ್ಪಗಳೊಡನೆ ಬೆಲ್ಲವನ್ನೂ ಪೂರ್ವಾಚಾರ್ಯರು ಎಣಿಸಿದ್ದಾರೆ. ಅದು ಅರಿತು ಮಾಡುವ ತ್ಯಾಗ. ಎಳೆಯರಿಗೆ ವ್ರತದ ಭಾರ ಬೇಡ. ಹಬ್ಬದ ಹೋಳಿಗೆಯನ್ನು ಅವರು ನಿರ್ಭಯವಾಗಿ ಸವಿಯಲಿ. ಸಾಕೆನ್ನುವುದನ್ನು ನಮ್ಮನ್ನು ನೋಡಿ ಕಲಿಯಲಿ.