ಒಂದಕ್ಕೆ ಒಂದೋ, ಎರಡಕ್ಕೆ ಒಂದೋ?

ಗಡಿಯಂಚಿನಲ್ಲಿ ಬಾಳುವವರಿಗೆ ಹಣದ ಬೆಲೆ ಊರಿಂದೂರಿಗೆ ಬದಲಾಗಬಲ್ಲದೆಂಬ ತಿಳಿವಳಿಕೆ ಬೇಗನೆ ಬರುತ್ತದೆ. ಅಕ್ಕಲಕೋಟ, ಸೊಲ್ಲಾಪುರದ ಕಡೆಯ ನಮ್ಮ ಹಿರಿಯರು ರೂಪಾಯಿಯ ಮಾತು ಬಂದಾಗ ‘ಹಾಲಿಯೋ, ಕಲದಾರವೋ?’ ಎಂದು ಕೇಳಿಕೊಂಡೇ ಲೆಕ್ಕ ಮುಂದುವರಿಸುತ್ತಿದ್ದರು. ನಿಜಾಮರ ಸೀಮೆಯಲ್ಲಿ ಹಾಲಿ ಸಿಕ್ಕಾ, ಇತ್ತ ಬ್ರಿಟಿಷರ ಕಲದಾರ. ದುಧನಿಯಿಂದ ಆಳಂದದ ಕಡೆಗೆ ಹೋಗುವವನ ಮಾತು ಬದಲಾಗುತ್ತಿರಲಿಲ್ಲ, ಊಟ ಬದಲಾಗುತ್ತಿರಲಿಲ್ಲ, ಬೀಗರೂ ಅವರೇ. ಸೊಂಟದ ಚೀಲದಲ್ಲಿದ್ದ ರೂಪಾಯಿ ಮಾತ್ರ ಬದಲಾಗಬೇಕಾಗಿತ್ತು. ಏಳು ಹಾಲಿಗೆ ಆರು ಕಲದಾರ. ಸರಕಾರಿ ಲೆಕ್ಕದಲ್ಲಿ ಬರೆಯುವುದಾದರೆ ನೂರು ಕಲದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ.

ಈ ದರವನ್ನು ಯಾರೋ ಮನಸ್ಸಿಗೆ ಬಂದಂತೆ ಕಟ್ಟಿದ್ದಲ್ಲ. ಬೆಳ್ಳಿ ನಾಣ್ಯದ ಕಾಲದಲ್ಲಿ ಕಲದಾರದ ತೂಕ ಒಂದು ತೊಲ, ಅದರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಹಾಲಿ ರೂಪಾಯಿ ತೊಲಕ್ಕಿಂತ ತುಸು ಹಗುರ, ಬೆಳ್ಳಿ ನೂರಕ್ಕೆ ಸುಮಾರು 82 ಪಾಲು. ಗುಣಿಸಿ ಭಾಗಿಸಿದರೆ ಏಳಕ್ಕೆ ಆರು ಎಂಬ ಉತ್ತರ ಬಹುಮಟ್ಟಿಗೆ ತಾನಾಗಿಯೇ ಬರುತ್ತದೆ. ಆದುದರಿಂದ ಆ ದರದಿಂದ ಯಾರ ಮಾನಕ್ಕೂ ಕುಂದು ಬರಲಿಲ್ಲ. ಆಳಂದದ ರೈತನ ದುಡಿಮೆ ದುಧನಿಯ ರೈತನ ದುಡಿಮೆಗಿಂತ ಕೀಳೆಂದು ಆ ತಕ್ಕಡಿ ಹೇಳಲಿಲ್ಲ. ಬೆಳ್ಳಿ ಎಷ್ಟಿದೆ ಎಂದಷ್ಟೇ ಹೇಳಿತು. ಹೈದರಾಬಾದು ಭಾರತದಲ್ಲಿ ಸೇರಿದ ಮೇಲೂ ಹಾಲಿ ಒಮ್ಮೆಗೇ ಮಾಯವಾಗಲಿಲ್ಲ. 1959ರವರೆಗೂ ಅದಕ್ಕೆ ಜೀವವಿತ್ತು.

ಆದರೆ ಹಣ ಬರಿಯ ಕಾಗದವಾಗಿದ್ದರೆ? ಆ ಕಾಗದವನ್ನು ಅಚ್ಚು ಹಾಕಿದ ರಾಜ್ಯವೇ ಇನ್ನು ಕೆಲವು ತಿಂಗಳಲ್ಲಿ ಇಲ್ಲವಾಗುವುದಿದ್ದರೆ? ಆಗ ತಕ್ಕಡಿಯಲ್ಲಿ ಏನನ್ನಿಟ್ಟು ತೂಗಬೇಕು? ಈ ಪ್ರಶ್ನೆ 1990ರಲ್ಲಿ ಜರ್ಮನಿಯ ಜನರ ಮುಂದೆ ಬಂದು ನಿಂತಿತು. ಅರ್ಥಶಾಸ್ತ್ರಜ್ಞರು ಅದನ್ನು ತಮ್ಮ ಪ್ರಶ್ನೆಯೆಂದುಕೊಂಡರು. ನಮಗೆ ಅದು ಮೊದಲು ನೀತಿಯ ಪ್ರಶ್ನೆ, ಆಮೇಲೆ ಲೆಕ್ಕದ್ದು.

ಎರಡು ಮಾರ್ಕ್‌ಗಳೂ ಹುಟ್ಟಿದ್ದು 1948ರ ಜೂನ್ ತಿಂಗಳಲ್ಲಿ, ಕೆಲವೇ ದಿನಗಳ ಅಂತರದಲ್ಲಿ. ಯುದ್ಧದಲ್ಲಿ ಸೋತ ಜರ್ಮನಿಯ ಹಳೆಯ ರೈಶ್‌ಮಾರ್ಕ್‌ಗೆ ಆಗ ಸಿಗರೇಟಿಗಿರುವಷ್ಟು ಬೆಲೆಯೂ ಉಳಿದಿರಲಿಲ್ಲ. ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ವಶದಲ್ಲಿದ್ದ ಪಶ್ಚಿಮ ಭಾಗದಲ್ಲಿ ಡಾಯ್ಚ್ ಮಾರ್ಕ್ ಬಂದಿತು. ತಲೆಗೆ 40 ಮಾರ್ಕ್, ಆಮೇಲೆ ಇನ್ನೂ 20, ಮುಖಕ್ಕೆ ಮುಖ ಎಂಬಂತೆ ಬದಲಿಸಿ ಕೊಟ್ಟರು. ಬ್ಯಾಂಕಿನಲ್ಲಿದ್ದ ಉಳಿತಾಯದ ಗತಿ ಬೇರೆಯಾಯಿತು: ನೂರು ಹಳೆಯ ಮಾರ್ಕ್‌ಗೆ ಕೊನೆಗೆ ಸಿಕ್ಕಿದ್ದು ಆರೂವರೆ ಹೊಸ ಮಾರ್ಕ್. ಜಮೀನು, ಕಾರ್ಖಾನೆ, ಗೋದಾಮಿನಲ್ಲಿ ಸರಕು ಇದ್ದವರ ಆಸ್ತಿ ಹಾಗೆಯೇ ಉಳಿಯಿತು. ಕಾಸು ಕಾಸು ಕೂಡಿಟ್ಟವರದು ಕರಗಿತು. ಈ ಅನ್ಯಾಯವನ್ನು ಅವರೇ ಕಂಡುಕೊಂಡು, 1952ರಲ್ಲಿ ಆಸ್ತಿವಂತರ ಮೇಲೆ ಭಾರ ಹಾಕಿ ನಷ್ಟ ಹೊಂದಿದವರಿಗೆ ಹಂಚುವ ಕಾನೂನು ಮಾಡಿದರು. ಬಲಿಷ್ಠವೆಂದು ಮುಂದೆ ಜಗತ್ತೆಲ್ಲ ಹೊಗಳಿದ ಆ ಹಣದ ಬುನಾದಿಯಲ್ಲಿ ಸಾಮಾನ್ಯರ ಉಳಿತಾಯ ಹೂತುಹೋಗಿತ್ತೆಂಬುದನ್ನು ಇಲ್ಲಿ ನೆನಪಿಡಬೇಕು.

ಸೋವಿಯತ್ ವಶದಲ್ಲಿದ್ದ ಪೂರ್ವ ಭಾಗದವರಿಗೆ ಸಿದ್ಧತೆಗೆ ಹೊತ್ತಿರಲಿಲ್ಲ. ಅವರು ಹಳೆಯ ನೋಟುಗಳ ಮೇಲೆಯೇ ಚೀಟಿ ಅಂಟಿಸಿ ಅವನ್ನು ಹೊಸ ಹಣವೆಂದು ಸಾರಿದರು. ಅದೇ ವಾರದಲ್ಲಿ ಬರ್ಲಿನ್ನಿನ ದಿಗ್ಬಂಧನವೂ ಆರಂಭವಾಯಿತು. ಹೀಗೆ ದೇಶ ವಿಧಿವತ್ತಾಗಿ ಎರಡಾಗುವುದಕ್ಕೆ ಒಂದು ವರ್ಷ ಮೊದಲೇ ಹಣ ಎರಡಾಗಿತ್ತು.

ಪೂರ್ವದ ಮಾರ್ಕ್‌ಗೆ ತನ್ನ ನೆಲದಲ್ಲಿ ಒಂದು ಬಗೆಯ ಗೌರವವಿತ್ತು. ರೊಟ್ಟಿ, ಮನೆ ಬಾಡಿಗೆ, ಟ್ರಾಮ್ ಟಿಕೇಟು ಎಲ್ಲವೂ ಅಗ್ಗ; ಬೆಲೆ ವರ್ಷಗಟ್ಟಲೆ ಏರುತ್ತಿರಲಿಲ್ಲ. ನೂರರ ನೋಟಿನ ಮೇಲೆ ಕಾರ್ಲ್ ಮಾರ್ಕ್ಸ್, ಐವತ್ತರ ಮೇಲೆ ಎಂಗೆಲ್ಸ್, ಇಪ್ಪತ್ತರ ಮೇಲೆ ಕವಿ ಗಯಟೆ. ಆದರೆ ಕೊಳ್ಳುವುದಕ್ಕೆ ಸರಕಿಲ್ಲದಿದ್ದರೆ ಅಗ್ಗದಿಂದೇನು? ಟ್ರಾಬಾಂಟ್ ಎಂಬ ಪುಟ್ಟ ಕಾರಿಗೆ ಹೆಸರು ಬರೆಸಿದವರು ಹತ್ತು ವರ್ಷಕ್ಕೂ ಮಿಕ್ಕಿ ಕಾಯಬೇಕಿತ್ತು. ಒಳ್ಳೆಯ ಕಾಫಿ, ಸಾಬೂನು ಬೇಕಾದರೆ ಪಶ್ಚಿಮದ ಹಣವನ್ನಷ್ಟೇ ತೆಗೆದುಕೊಳ್ಳುವ ಇಂಟರ್‌ಶಾಪ್ ಎಂಬ ಸರಕಾರಿ ಅಂಗಡಿಗೆ ಹೋಗಬೇಕಿತ್ತು. ತಾನು ಅಚ್ಚು ಹಾಕಿದ ನೋಟನ್ನು ತನ್ನ ಅಂಗಡಿಯಲ್ಲಿ ತಾನೇ ಒಲ್ಲೆನೆನ್ನುವ ಸರಕಾರ!

ಆ ಮಾರ್ಕಿನ ಬೆಲೆ ಎಷ್ಟೆಂದು ಕೇಳಿದರೆ ಉತ್ತರ ಕೇಳಿದವರನ್ನು ಅವಲಂಬಿಸಿತ್ತು. ಸರಕಾರದ ಘೋಷಣೆಯಲ್ಲಿ ಒಂದಕ್ಕೆ ಒಂದು. ಪಶ್ಚಿಮದಿಂದ ಬಂಧುಗಳನ್ನು ನೋಡಲು ಬಂದವರು 1980ರಿಂದ ದಿನಕ್ಕೆ 25 ಮಾರ್ಕ್‌ಗಳನ್ನು ಇದೇ ದರದಲ್ಲಿ ಕಡ್ಡಾಯವಾಗಿ ಬದಲಿಸಬೇಕಿತ್ತು. ಅದೇ ಸರಕಾರ ತನ್ನ ರಫ್ತಿನ ಒಳಲೆಕ್ಕದಲ್ಲಿ ಪಶ್ಚಿಮದ ಒಂದು ಮಾರ್ಕ್ ಗಳಿಸಲು ತನ್ನ 4.4 ಮಾರ್ಕ್ ಖರ್ಚೆಂದು ಬರೆದುಕೊಳ್ಳುತ್ತಿತ್ತು. 1989ರ ನವೆಂಬರಿನಲ್ಲಿ ಬರ್ಲಿನ್ ಗೋಡೆ ತೆರೆದಾಗ ಬೀದಿಯ ಮೂಲೆಯಲ್ಲಿ ಒಂದಕ್ಕೆ ಹತ್ತರಂತೆಯೂ ಕೊಟ್ಟುಕೊಂಡರು. ಶಾಲೆಯಲ್ಲಿ ವಿನಿಮಯದ ಲೆಕ್ಕ ಕಲಿಸುವಾಗ ನಾವು ‘ದರ ಇಷ್ಟಿದ್ದರೆ’ ಎಂದು ಆರಂಭಿಸುತ್ತಿದ್ದೆವು. ಆ ‘ಇದ್ದರೆ’ ಎಂಬ ಮಾತಿನೊಳಗೆ ಎಷ್ಟು ತಗಾದೆ ಅಡಗಿದೆಯೆಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ಗೋಡೆ ತೆರೆದ ಮೇಲೆ ಪೂರ್ವದ ಜನ ಸಾವಿರ ಸಾವಿರವಾಗಿ ಪಶ್ಚಿಮಕ್ಕೆ ನಡೆದರು. ಪಶ್ಚಿಮದ ಮಾರ್ಕ್ ನಮ್ಮಲ್ಲಿಗೆ ಬಂದರೆ ನಿಲ್ಲುತ್ತೇವೆ, ಬಾರದಿದ್ದರೆ ನಾವೇ ಅದರತ್ತ ಹೋಗುತ್ತೇವೆ ಎಂಬುದು ಬೀದಿಯ ಘೋಷಣೆಯಾಯಿತು. 1990ರ ಫೆಬ್ರವರಿಯಲ್ಲಿ ಚಾನ್ಸಲರ್ ಹೆಲ್ಮುಟ್ ಕೋಲ್ ಎರಡಕ್ಕೂ ಒಂದೇ ಹಣವೆಂಬ ಪ್ರಸ್ತಾಪ ಮುಂದಿಟ್ಟರು. ಪಶ್ಚಿಮದ ಕೇಂದ್ರ ಬ್ಯಾಂಕಾದ ಬುಂಡೆಸ್‌ಬ್ಯಾಂಕಿನ ಅಧ್ಯಕ್ಷ ಕಾರ್ಲ್ ಓಟೋ ಪ್ಯೋಲ್ ಅವರಿಗೆ ಈ ಅವಸರ ಹಿಡಿಸಲಿಲ್ಲ. ಎರಡಕ್ಕೆ ಒಂದರಂತೆ ಬದಲಿಸುವುದು ಸೂಕ್ತವೆಂದು ಬ್ಯಾಂಕು ಸಲಹೆ ಕೊಟ್ಟಿತು. ಸುದ್ದಿ ಹೊರಬಿದ್ದೊಡನೆ ಪೂರ್ವದ ನಗರಗಳಲ್ಲಿ ಜನ ಬೀದಿಗಿಳಿದರು. ನಾಲ್ವತ್ತು ವರ್ಷ ದುಡಿದ ನಾವು ಅರ್ಧ ಮನುಷ್ಯರೋ ಎಂಬುದು ಅವರ ಅಳಲಾಗಿತ್ತು.

ಜುಲೈ 1ರಿಂದ ಜಾರಿಗೆ ಬಂದ ಒಪ್ಪಂದ ಹೀಗಿತ್ತು. ಸಂಬಳ, ಪಿಂಚಣಿ, ಬಾಡಿಗೆ ಒಂದಕ್ಕೆ ಒಂದು. ಉಳಿತಾಯದಲ್ಲಿ 14ರೊಳಗಿನ ಮಕ್ಕಳಿಗೆ 2000, ಅರುವತ್ತರೊಳಗಿನವರಿಗೆ 4000, ಅರುವತ್ತಾದವರಿಗೆ 6000 ಮಾರ್ಕ್‌ವರೆಗೆ ಒಂದಕ್ಕೆ ಒಂದು. ಅದಕ್ಕೆ ಮೇಲ್ಪಟ್ಟದ್ದು ಎರಡಕ್ಕೆ ಒಂದು. 1990ರಲ್ಲಿ ಹೊರಗಿನವರು ಸೇರಿಸಿಕೊಂಡ ಹಣಕ್ಕೆ ಮೂರಕ್ಕೆ ಒಂದು. ಮುದುಕ ಮುದುಕಿ ಸೇರಿ ಸಮಪಾಲಾಗಿ 20,000 ಕೂಡಿಟ್ಟಿದ್ದರೆ 12,000 ಹಾಗೆಯೇ ಉಳಿದು, ಮಿಕ್ಕ 8000ಕ್ಕೆ 4000 ಸೇರಿ 16,000 ಕೈಗೆ ಬರುತ್ತಿತ್ತು. ಒಟ್ಟು ಹಣದ ಮೇಲೆ ಸರಾಸರಿ ತೆಗೆದರೆ ದರ ಸುಮಾರು 1.8ಕ್ಕೆ ಒಂದು ಆಗುತ್ತದೆ.

ಅರುವತ್ತಕ್ಕೆ ಒಂದು ವಾರ ಕಡಿಮೆಯಿದ್ದವನು ಎರಡು ಸಾವಿರದ ಮಿತಿಯನ್ನು ಕಳೆದುಕೊಂಡನಲ್ಲವೆ ಎಂದು ಕೇಳಬಹುದು. ಹೌದು, ಕಳೆದುಕೊಂಡ. 34 ಅಂಕದ ಹುಡುಗನನ್ನೂ 35ರ ಹುಡುಗನನ್ನೂ ಬೇರೆ ಮಾಡುತ್ತ ಬಂದ ನಮಗೆ ಇದು ಹೊಸತಲ್ಲ. ಗೆರೆ ಎಳೆದಲ್ಲೆಲ್ಲ ಯಾರಾದರೊಬ್ಬರು ಅದರ ಆಚೆ ನಿಂತಿರುತ್ತಾರೆ. ಗೆರೆ ಎತ್ತ ಬಾಗಿದೆಯೆಂದು ನೋಡಬೇಕು. ಇಲ್ಲಿ ಅದು ವೃದ್ಧರತ್ತ, ಬಡವರತ್ತ ಬಾಗಿತ್ತು. ಇನ್ನು ದುಡಿದು ತುಂಬಿಕೊಳ್ಳಲಾಗದವರಿಗೆ ಹೆಚ್ಚು, ದೊಡ್ಡ ಗಂಟಿಗೆ ಕಡಿಮೆ. 1948ರಲ್ಲಿ ಪಶ್ಚಿಮದ ಸಣ್ಣ ಉಳಿತಾಯಗಾರರಿಗೆ ಈ ಕರುಣೆ ಸಿಕ್ಕಿರಲಿಲ್ಲ.

ಇದಕ್ಕೆ ಎದುರುವಾದವೂ ಬಲವಾಗಿಯೇ ಇದೆ. ಬೀದಿಯಲ್ಲಿ ಹತ್ತಕ್ಕೆ ಒಂದಾಗಿದ್ದ ಕಾಗದಕ್ಕೆ ಪೂರ್ತಿ ಬೆಲೆ ಕೊಡುವುದು ದಾನ, ನ್ಯಾಯವಲ್ಲ. ದಾನವನ್ನು ನ್ಯಾಯವೆಂದು ಕರೆಯಬಾರದು. ಆ ದಾನದ ಖರ್ಚನ್ನು ಹೊರುವ ಪಶ್ಚಿಮದ ತೆರಿಗೆದಾರ ಆ ನೋಟಿನ ಮೇಲೆ ಯಾರಿಗೂ ಮಾತು ಕೊಟ್ಟವನಲ್ಲ. ಈ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಅದು ಎರಡು ಸಂಗತಿಗಳನ್ನು ಬಿಡುತ್ತದೆ. ಮೊದಲನೆಯದು, ಯುದ್ಧ ಸೋತದ್ದು ಇಡೀ ಜರ್ಮನಿ. ಆದರೆ ಸೋವಿಯತ್ತರಿಗೆ ಯುದ್ಧಪರಿಹಾರವಾಗಿ ಕಾರ್ಖಾನೆಗಳನ್ನೂ ರೈಲು ಹಳಿಗಳನ್ನೂ ಬಿಚ್ಚಿ ಕೊಡಬೇಕಾಗಿ ಬಂದದ್ದು ಪೂರ್ವದವರಿಗೆ. ಅಮೆರಿಕದ ಮಾರ್ಷಲ್ ಯೋಜನೆಯ ನೆರವು ಬಂದದ್ದು ಪಶ್ಚಿಮದವರಿಗೆ. ಕೂಡುಕುಟುಂಬದ ಸಾಲವನ್ನು ಒಬ್ಬ ತಮ್ಮನೇ ಹೆಚ್ಚು ತೀರಿಸಿದ್ದರೆ, ಮತ್ತೆ ಮನೆ ಒಂದಾಗುವಾಗ ಆ ಲೆಕ್ಕ ಮಾತಿಗೆ ಬರಬೇಡವೆ? ಎರಡನೆಯದು, ಆ ಉಳಿತಾಯದ ಸ್ವರೂಪ. ಕೊಳ್ಳಲು ಸರಕಿಲ್ಲದೆ ಕೂಡಿಬಿದ್ದ ಹಣ ಅದು. ನಾಳೆ ಕೊಡುತ್ತೇವೆ ಎಂದು ರಾಜ್ಯ ಹೇಳುತ್ತ ಬಂದ ಮಾತಿನ ರಸೀತಿ. ಬೀದಿಯ ದರ ಆ ರಾಜ್ಯ ಎಷ್ಟು ದುರ್ಬಲವೆಂದು ತೋರಿಸಿತು. ಲೇಥಿನ ಮುಂದೆ ಮೂವತ್ತು ವರ್ಷ ನಿಂತವನ ದುಡಿಮೆ ಎಷ್ಟು ನಿಜವಾಗಿತ್ತೆಂಬುದನ್ನು ಅದು ತೋರಿಸಲಾರದು.

ಸಂಬಳದ ವಿಷಯದಲ್ಲಿ ನಮ್ಮ ಮನಸ್ಸು ಇಷ್ಟು ನಿಶ್ಚಿತವಾಗಿ ನಿಲ್ಲುವುದಿಲ್ಲ. ಉಳಿತಾಯ ಹಿಂದಿನ ದುಡಿಮೆಯ ಲೆಕ್ಕ, ಸಂಬಳ ನಾಳೆಯದು. ಪೂರ್ವದ ಸಂಬಳ ಪಶ್ಚಿಮದ ಸುಮಾರು ಮೂರನೆಯ ಒಂದು ಪಾಲು ಇತ್ತು. ಒಂದಕ್ಕೆ ಒಂದರಂತೆ ಬದಲಿಸಿದರೂ ಅದು ಕಡಿಮೆಯೇ. ಅರ್ಧ ಮಾಡಿದ್ದರೆ ಬಾಳುವುದೇ ಕಷ್ಟವಾಗಿ ಜನ ಮತ್ತೆ ಗುಳೆ ಹೋಗುತ್ತಿದ್ದರು. ಆದರೂ ಜುಲೈ 1ರ ಬೆಳಗ್ಗೆ ಪೂರ್ವದ ಕಾರ್ಖಾನೆಗಳು ಗಟ್ಟಿ ಹಣದಲ್ಲಿ ಸಂಬಳ ಕೊಡಬೇಕಾದ ಸ್ಥಿತಿಗೆ ಒಮ್ಮೆಲೇ ಬಂದವು. ಅವುಗಳ ಗಿರಾಕಿಗಳಾಗಿದ್ದ ಪೂರ್ವ ಯುರೋಪಿನ ದೇಶಗಳಿಗೆ ಆ ಹಣದಲ್ಲಿ ಕೊಳ್ಳುವ ಶಕ್ತಿಯಿರಲಿಲ್ಲ. ಸ್ವಂತ ಜನರೂ ಅಂಗಡಿಗೆ ಬಂದ ಪಶ್ಚಿಮದ ಸರಕಿನತ್ತ ತಿರುಗಿದರು. ಕೆಲವೇ ತಿಂಗಳಲ್ಲಿ ಕೈಗಾರಿಕಾ ಉತ್ಪಾದನೆ ಅರ್ಧದ ಸಮೀಪಕ್ಕೆ ಕುಸಿಯಿತು. ಜನ ಹತ್ತು ವರ್ಷ ಕಾದು ಪಡೆಯುತ್ತಿದ್ದ ಟ್ರಾಬಾಂಟ್ 1991ರ ಏಪ್ರಿಲ್‌ನಲ್ಲಿ ತಯಾರಿಕೆಯನ್ನೇ ನಿಲ್ಲಿಸಿತು. ಅದೇ ವರ್ಷ ಪ್ಯೋಲ್ ಹುದ್ದೆ ಬಿಟ್ಟರು.

ಹಾಗಾದರೆ ಮಾನ ಉಳಿಸಿದ ದರವೇ ಕೆಲಸ ಕಿತ್ತುಕೊಂಡಿತೆ? ದರವೊಂದೇ ಕಾರಣವೆನ್ನುವುದು ಸರಿಯಲ್ಲ. ಯಂತ್ರಗಳು ಹಳತು, ಮಾರುಕಟ್ಟೆ ಮುರಿದಿತ್ತು, ಸಂಬಳ ಆಮೇಲೆ ಬೇಗ ಬೇಗ ಏರಿತು. ಆದರೆ ದರ ಹಳೆಯ ಗಾಯವನ್ನು ಮಾಯಿಸುವುದರ ಜತೆಗೆ ನಾಳೆಯ ಅನ್ನವನ್ನೂ ದುಡಿದು ಕೊಡಬೇಕೆಂದು ಬಯಸಿದ್ದು ಅದರ ಮೇಲೆ ಹೊರಿಸಬಾರದ ಹೊರೆಯಾಗಿತ್ತು ಎಂದು ನಮಗನ್ನಿಸುತ್ತದೆ. ವೃದ್ಧರ ಗಂಟನ್ನು ಇನ್ನೂ ಧಾರಾಳವಾಗಿ ಬದಲಿಸಿ, ದುಡಿಯುವವರ ಸಂಬಳಕ್ಕೆ ಕೆಲವು ವರ್ಷ ಸರಕಾರವೇ ನೇರವಾಗಿ ಕೈಸೇರಿಸಿದ್ದರೆ ಖರ್ಚು ಬಹುಶಃ ಅಷ್ಟೇ ಆಗುತ್ತಿತ್ತು, ಕಾರ್ಖಾನೆಗೆ ಉಸಿರಾಡಲು ಸಮಯ ಸಿಗುತ್ತಿತ್ತು.

ಸಾಲದ ಸಂಗತಿ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಕಾರ್ಖಾನೆಗಳ ಹೆಸರಿನಲ್ಲಿದ್ದ ಸಾಲವನ್ನೂ ಎರಡಕ್ಕೆ ಒಂದರಂತೆ ಬದಲಿಸಿದರು. ಯೋಜನೆಯ ಆಡಳಿತದಲ್ಲಿ ಆ ಸಾಲ ಸರಕಾರದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಬರೆದುಕೊಂಡ ಅಂಕಿಯಾಗಿತ್ತು. ಕಾರ್ಖಾನೆಯವರು ಬೇಡಿ ಪಡೆದದ್ದಲ್ಲ. ಒಂದು ರಾತ್ರಿ ಕಳೆಯುವುದರೊಳಗೆ ಅದು ಬಡ್ಡಿ ಬೆಳೆಯುವ ನಿಜವಾದ ಸಾಲವಾಯಿತು. ನಮ್ಮ ದೃಷ್ಟಿಯಲ್ಲಿ ಈ ವ್ಯವಹಾರದಲ್ಲೆಲ್ಲ ಸಮರ್ಥನೆಯೇ ಇಲ್ಲದ ಕೆಲಸವೆಂದರೆ ಇದೊಂದು.

ಇನ್ನು ಈ ಎರಡು ಹಣಗಳ ಅಂತ್ಯ. ಪೂರ್ವದವರು ಕೈಯಲ್ಲಿದ್ದ ನೋಟನ್ನು ಬ್ಯಾಂಕಿಗೆ ಕಟ್ಟಿ, ಜುಲೈ 6ರೊಳಗೆ ಅರ್ಜಿ ಕೊಡಬೇಕಿತ್ತು. ಅಲ್ಯುಮಿನಿಯಮ್ಮಿನ ಸಣ್ಣ ಚಿಲ್ಲರೆ ಮಾತ್ರ, ಪಶ್ಚಿಮದ ಚಿಲ್ಲರೆ ಸಾಲದೆಂಬ ಕಾರಣಕ್ಕೆ, ಇನ್ನೊಂದು ವರ್ಷ ಅದೇ ಮುಖಬೆಲೆಗೆ ನಡೆಯಿತು. ಮಾರ್ಕ್ಸ್, ಎಂಗೆಲ್ಸ್ ಹೋದ ಮೇಲೂ ಪೈಸೆಗಳು ಉಳಿದವು. ನೋಟುಗಳನ್ನು, ಸುಮಾರು 3000 ಟನ್, ಹಾಲ್ಬರ್‌ಷ್ಟಾಟ್ ಊರ ಬಳಿಯ ಗುಡ್ಡದ ಸುರಂಗಗಳಲ್ಲಿ ತುಂಬಿ, ಜಲ್ಲಿ ಸುರಿದು, ಕಾಂಕ್ರೀಟಿನಿಂದ ಮುಚ್ಚಿದರು. ಅಲ್ಲೇ ಕೊಳೆತು ಮಣ್ಣಾಗಲಿ ಎಂಬ ಲೆಕ್ಕ.

ಪಶ್ಚಿಮದ ಮಾರ್ಕ್ ಹನ್ನೆರಡು ವರ್ಷದ ಮೇಲೆ, 2002ರ ಹೊಸವರ್ಷದ ದಿನ, ಯೂರೋಗೆ ಜಾಗ ಬಿಟ್ಟುಕೊಟ್ಟಿತು. ಅದರ ದರ 1.95583 ಎಂದು ಐದು ದಶಮಾಂಶ ಸ್ಥಾನದವರೆಗೆ ನಿಗದಿಯಾಗಿತ್ತು. ಬೀದಿಯಲ್ಲಿ ಯಾರೂ ಅದಕ್ಕಾಗಿ ಕೂಗಬೇಕಾಗಲಿಲ್ಲ. ಫ್ರಾನ್ಸು ತನ್ನ ಹಳೆಯ ಫ್ರಾಂಕ್ ನೋಟುಗಳನ್ನು ಬದಲಿಸಿ ಕೊಡುವುದನ್ನು ಹತ್ತು ವರ್ಷಕ್ಕೆ, 2012ರಲ್ಲಿ, ನಿಲ್ಲಿಸಿತು. ಜರ್ಮನಿ ಗಡುವನ್ನೇ ಇಡಲಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ನೂರು ಮಾರ್ಕಿನ ನೋಟನ್ನು ಮೊಮ್ಮಗ ಬುಂಡೆಸ್‌ಬ್ಯಾಂಕಿಗೆ ಒಯ್ದರೆ ಇಂದಿಗೂ 51 ಯೂರೋ 13 ಸೆಂಟು ಎಣಿಸಿ ಕೊಡುತ್ತಾರೆ. ಒಂದೇ ದೇಶದ ಎರಡು ಅಜ್ಜಿಯರ ಪೆಟ್ಟಿಗೆಗೆ ಎರಡು ನ್ಯಾಯ.

ಹಾಲ್ಬರ್‌ಷ್ಟಾಟಿನ ಸುರಂಗದಲ್ಲಿ ನೋಟುಗಳು ಅಂದುಕೊಂಡಂತೆ ಕೊಳೆಯಲಿಲ್ಲ. ಕಳ್ಳರು ಒಳಹೊಕ್ಕು ಒಂದಿಷ್ಟನ್ನು ಹೊತ್ತೊಯ್ದ ಮೇಲೆ, ಉಳಿದುದನ್ನೆಲ್ಲ ಅಗೆದು ತೆಗೆದು 2002ರಲ್ಲಿ ಕುಲುಮೆಗೆ ಹಾಕಿ ಸುಟ್ಟರು. ಪಶ್ಚಿಮದ ಮಾರ್ಕ್ ಹೋದ ವರ್ಷವೂ ಅದೇ. ಕಳ್ಳರ ಕೈಗೆ ಸಿಕ್ಕವುಗಳಲ್ಲಿ 200 ಮತ್ತು 500 ಮಾರ್ಕಿನ ನೋಟುಗಳೂ ಇದ್ದವು. ಅವು ಅಚ್ಚಾಗಿಯೂ ಒಂದು ದಿನವೂ ಚಲಾವಣೆಗೆ ಬಂದವಲ್ಲ. ಅವುಗಳಿಂದ ಯಾರೂ ಒಂದು ರೊಟ್ಟಿ ಕೊಂಡಿರಲಿಲ್ಲ. ಹಳೆಯ ನೋಟು ಕೂಡಿಸುವ ಹವ್ಯಾಸಿಗಳು ಈಗ ಅವನ್ನೇ ಹುಡುಕಿಕೊಂಡು ಬಂದು ಹಣ ಕೊಟ್ಟು ಕೊಳ್ಳುತ್ತಾರೆ.