ಅಗ್ಗದ ಬೆಲೆಯೂ ನ್ಯಾಯದ ಬೆಲೆಯೂ

ಪದಾರ್ಥವನ್ನು ಕಡಿಮೆ ಬೆಲೆಗೆ ಮಾರುವುದು ದೋಷವೇ? ಹೆಚ್ಚು ಬೆಲೆ ತೆಗೆದುಕೊಳ್ಳುವವನನ್ನು ಲೋಕವು ಲೋಭಿಯೆಂದು ದೂಷಿಸುತ್ತದೆ. ಕಡಿಮೆ ಬೆಲೆಗೆ ಕೊಡುವವನನ್ನು ದೂಷಿಸುವವರುಂಟೇ? ಆದರೆ ದೊಡ್ಡ ರಿಯಾಯಿತಿ ಮಳಿಗೆಗಳು ಬೆಳೆದ ರೀತಿಯನ್ನು ನೋಡಿದರೆ ಪ್ರಶ್ನೆ ಅಷ್ಟು ಸರಳವಲ್ಲವೆಂಬುದು ತಿಳಿಯುತ್ತದೆ. ವ್ಯಾಪಾರದಿಂದಲೇ ಜೀವಿಸುವ ಅನೇಕ ಕುಟುಂಬಗಳುಳ್ಳ ನಮ್ಮ ಸಮಾಜಕ್ಕೂ, ದಾನದ ಹಣದಿಂದ ಸಾಮಗ್ರಿ ಕೊಳ್ಳುವ ಬಸದಿಗಳ ಟ್ರಸ್ಟುಗಳಿಗೂ ಇದು ದೂರದ ವಿಚಾರವಲ್ಲ.

ಅಮೆರಿಕದ ಅರ್ಕಾನ್ಸಾ ರಾಜ್ಯದ ರಾಜರ್ಸ್ ಎಂಬ ಸಣ್ಣ ಪಟ್ಟಣದಲ್ಲಿ 1962ರಲ್ಲಿ ಸ್ಯಾಮ್ ವಾಲ್ಟನ್ ಮೊದಲನೆಯ ವಾಲ್‌ಮಾರ್ಟ್ ಮಳಿಗೆಯನ್ನು ತೆರೆದರು. ದೊಡ್ಡ ಪ್ರಮಾಣದಲ್ಲಿ ಕೊಂಡು, ಅಲ್ಪ ಲಾಭವಿಟ್ಟು, ಬಹಳ ಮಾರುವುದು ಅವರ ಸೂತ್ರ. ಅದೇ ರಾಜ್ಯದ ಕಾನ್‌ವೇ ಪಟ್ಟಣದ ಮೂರು ಸ್ವತಂತ್ರ ಔಷಧ ಅಂಗಡಿಗಳವರು, ಈ ಸಂಸ್ಥೆಯು ಕೆಲವು ವಸ್ತುಗಳನ್ನು ಕೊಂಡ ಬೆಲೆಗಿಂತಲೂ ಕಡಿಮೆಗೆ ಮಾರಿ ತಮ್ಮನ್ನು ಹಾಳುಮಾಡುತ್ತಿದೆಯೆಂದು ನ್ಯಾಯಾಲಯಕ್ಕೆ ಹೋದರು. 1993ರಲ್ಲಿ ಕೆಳಗಿನ ನ್ಯಾಯಾಲಯವು ಅಂಗಡಿಗಳವರ ಪರವಾಗಿ ತೀರ್ಪಿತ್ತಿತು. 1995ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಮಾಡಿತು. ಅಸಲಿಗಿಂತ ಕಡಿಮೆಗೆ ಮಾರಿದ್ದು ನಿಜವಾದರೂ, ಪ್ರತಿಸ್ಪರ್ಧಿಗಳನ್ನು ನಾಶಗೊಳಿಸುವ ಉದ್ದೇಶ ಸಿದ್ಧವಾಗಿಲ್ಲ ಎಂಬುದು ಬಹುಮತದ ಅಭಿಪ್ರಾಯವಾಗಿತ್ತು.

ಉಭಯ ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಅರ್ಥಶಾಸ್ತ್ರಜ್ಞೆ ಎಮೆಕ್ ಬಾಸ್ಕರ್ 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಮಳಿಗೆ ಬಂದ ಊರುಗಳಲ್ಲಿ ಶಾಂಪೂ, ಟೂತ್‌ಪೇಸ್ಟ್ ಮೊದಲಾದ ಕೆಲವು ವಸ್ತುಗಳ ಬೆಲೆ ಮೊದಲು ಶೇಕಡ 1.5ರಿಂದ 3ರಷ್ಟೂ, ಕಾಲಕ್ರಮದಲ್ಲಿ ಅದರ ನಾಲ್ಕು ಪಟ್ಟಿನಷ್ಟೂ ಇಳಿಯಿತೆಂದು ತೋರಿಸಿತು. ಬಡವನ ಮನೆಗೆ ಇದು ಸಣ್ಣ ಉಪಕಾರವಲ್ಲ. ಡೇವಿಡ್ ನ್ಯೂಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವಾದರೋ, ಈ ಮಳಿಗೆಗಳಲ್ಲಿ ಒಬ್ಬನಿಗೆ ಕೆಲಸ ದೊರೆತರೆ ಸುತ್ತಲಿನ ಚಿಲ್ಲರೆ ವ್ಯಾಪಾರದಲ್ಲಿ ಸರಾಸರಿ 1.4 ಜನರ ಕೆಲಸ ಹೋಗುತ್ತದೆಂದು ಲೆಕ್ಕಹಾಕಿತು. ಅಯೋವಾ ರಾಜ್ಯದ ಪಟ್ಟಣಗಳನ್ನು ಬಹುಕಾಲ ಅಭ್ಯಸಿಸಿದ ಕೆನೆತ್ ಸ್ಟೋನ್ ಅವರು, ಮಳಿಗೆಯಿರುವ ಊರಿನ ಒಟ್ಟು ವ್ಯಾಪಾರ ಹೆಚ್ಚಿದರೂ ನೆರೆಯ ಸಣ್ಣ ಊರುಗಳ ವ್ಯಾಪಾರ ಕುಗ್ಗಿದುದನ್ನು ಕಂಡರು. ಒಬ್ಬನ ಲಾಭವೂ ಮತ್ತೊಬ್ಬನ ನಷ್ಟವೂ ಒಂದೇ ಕ್ರಿಯೆಯ ಎರಡು ಮುಖಗಳು. ಒಂದನ್ನೇ ನೋಡಿ ಮತ್ತೊಂದನ್ನು ಇಲ್ಲವೆನ್ನುವುದು ಏಕಾಂತ ದೃಷ್ಟಿ.

ಹಾಗಾದರೆ ನಿರ್ಣಯ ಹೇಗೆ? ಬೆಲೆ ಏಕೆ ಇಳಿಯಿತೆಂಬುದನ್ನು ಮೊದಲು ವಿಚಾರಿಸಬೇಕು. ಸರಕು ಕೆಡದಂತೆ ಕಾಪಾಡಿ, ಸಾಗಣೆಯ ವೆಚ್ಚವನ್ನು ತಗ್ಗಿಸಿ, ಅನಗತ್ಯ ಮಧ್ಯವರ್ತಿಗಳನ್ನು ಬಿಟ್ಟುದರಿಂದ ಬೆಲೆ ಇಳಿದಿದ್ದರೆ ಅದು ಜಾಣ್ಮೆಯ ಫಲ, ಅದರಲ್ಲಿ ದೋಷವಿಲ್ಲ. ಸರಕು ಒದಗಿಸುವವನನ್ನು ನಿರುಪಾಯನನ್ನಾಗಿ ಮಾಡಿ ಹಿಂಡಿದುದರಿಂದಲೋ, ದುಡಿಯುವವನ ಕೂಲಿಯನ್ನು ಕಡಿದುದರಿಂದಲೋ, ನೆರೆಯವನು ಬಾಗಿಲು ಮುಚ್ಚುವವರೆಗೆ ನಷ್ಟವನ್ನು ಸಹಿಸುವಷ್ಟು ಬಂಡವಾಳವಿರುವುದರಿಂದಲೋ ಇಳಿದಿದ್ದರೆ ಅದು ಅಗ್ಗವಲ್ಲ. ಆ ಬೆಲೆಯನ್ನು ಬೇರೊಬ್ಬನು ತೆರುತ್ತಿದ್ದಾನೆ, ಅಷ್ಟೆ.

ಉದ್ದೇಶದ ಪ್ರಶ್ನೆಯೂ ಇದೆ. ನಮ್ಮ ದೇಶದ 2002ರ ಸ್ಪರ್ಧಾ ಕಾಯಿದೆಯೂ ಅಸಲಿಗಿಂತ ಕಡಿಮೆ ಬೆಲೆಯ ಮಾರಾಟವನ್ನು ತಪ್ಪೆನ್ನಬೇಕಾದರೆ, ಮಾರುಕಟ್ಟೆಯಲ್ಲಿ ಪ್ರಾಬಲ್ಯವುಳ್ಳವನು ಸ್ಪರ್ಧೆಯನ್ನು ಕುಗ್ಗಿಸುವ ಉದ್ದೇಶದಿಂದ ಅದನ್ನು ಮಾಡಿರಬೇಕೆನ್ನುತ್ತದೆ. ಕಾನೂನಿಗೆ ಅದು ಸಾಕು. ಧರ್ಮಕ್ಕೆ ಸಾಲದು. ಹಿಂಸೆಯ ವಿಚಾರದಲ್ಲಿ ನಮ್ಮ ಆಚಾರ್ಯರು ಸಂಕಲ್ಪವನ್ನು ಮಾತ್ರವಲ್ಲ, ಪ್ರಮಾದವನ್ನೂ ಎಣಿಸಿದ್ದಾರೆ. ಕೊಲ್ಲಬೇಕೆಂಬ ಭಾವವಿಲ್ಲದಿದ್ದರೂ ಎಚ್ಚರವಿಲ್ಲದೆ ನಡೆದವನು ನಿರ್ದೋಷಿಯಲ್ಲ. ಹಾಗೆಯೇ, ಯಾರನ್ನೂ ಹಾಳುಮಾಡುವ ಇಚ್ಛೆ ತನಗಿರಲಿಲ್ಲವೆಂದು ಹೇಳುವ ವರ್ತಕನೂ, ಅಗ್ಗ ಸಿಕ್ಕಿತೆಂದು ಕೊಂಡ ಗ್ರಾಹಕನೂ, ತಮ್ಮ ನಡೆಯ ಫಲವನ್ನು ವಿಚಾರಿಸದೆ ಇದ್ದುದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಇಷ್ಟರಿಂದ ಸಣ್ಣ ಅಂಗಡಿಯವನು ತಾನಾಗಿಯೇ ಧರ್ಮಾತ್ಮನಾಗುವುದಿಲ್ಲ. ಕಳ್ಳ ತೂಕ, ಕಲಬೆರಕೆ ಇವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿವೆ. ಅಂಗಡಿ ಸಣ್ಣದೆಂಬ ಕಾರಣಕ್ಕೆ ಅವಕ್ಕೆ ವಿನಾಯಿತಿಯಿಲ್ಲ. ಗಿರಾಕಿಗೆ ಬೇರೆ ಗತಿಯಿಲ್ಲದಾಗ ದುಬಾರಿ ಬೆಲೆ ಹೇರಿದವನು, ಗಿರಾಕಿ ಬೇರೆಡೆಗೆ ಹೋದಾಗ ಅನ್ಯಾಯವೆಂದು ಕೂಗಿದರೆ ಆ ಮಾತಿಗೆ ಬಲವಿರದು. ಆದರೆ ಕಷ್ಟಕಾಲದಲ್ಲಿ ಲೆಕ್ಕ ಬರೆದುಕೊಂಡು ಅಕ್ಕಿ ಬೇಳೆ ಕೊಡುವವನು ಊರಿನ ಅಂಗಡಿಯವನೇ. 2016ರ ಜನವರಿಯಲ್ಲಿ ವಾಲ್‌ಮಾರ್ಟ್ ಸಂಸ್ಥೆಯು ಜಗತ್ತಿನಾದ್ಯಂತ 269 ಮಳಿಗೆಗಳನ್ನು ಮುಚ್ಚುವುದಾಗಿ ಸಾರಿತು. ಅವುಗಳಲ್ಲಿ 154 ಅಮೆರಿಕದಲ್ಲಿಯೇ ಇದ್ದವು. ಹಳೆಯ ಅಂಗಡಿಗಳು ಮೊದಲೇ ಅಳಿದಿದ್ದ ಕೆಲವು ಊರುಗಳಲ್ಲಿ ದಿನಸಿಗೂ ದೂರ ಹೋಗಬೇಕಾಯಿತು.

ನಮ್ಮಲ್ಲಿ 2012ರಲ್ಲಿ ಕೇಂದ್ರ ಸರ್ಕಾರವು ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇಕಡ 51ರವರೆಗೆ ವಿದೇಶೀ ಬಂಡವಾಳಕ್ಕೆ ಷರತ್ತಿನೊಡನೆ ಅವಕಾಶವಿತ್ತು, ಅನುಷ್ಠಾನವನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. 2018ರಲ್ಲಿ ಅದೇ ವಾಲ್‌ಮಾರ್ಟ್ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟಿನ ಸುಮಾರು ಶೇಕಡ 77 ಪಾಲನ್ನು ಕೊಂಡಿತು. ರಿಯಾಯಿತಿ ಈಗ ಮನೆಯ ಬಾಗಿಲಿಗೇ ಬರುತ್ತದೆ. ಆದುದರಿಂದ ನಿರ್ಣಯವೂ ಮನೆಮನೆಯಲ್ಲಿಯೇ ಆಗಬೇಕಾಗಿದೆ.

ಟ್ರಸ್ಟಿನ ಕಷ್ಟ ಇನ್ನೂ ಸೂಕ್ಷ್ಮವಾದುದು. ದಾನದ ಹಣದಲ್ಲಿ ಒಂದು ರೂಪಾಯಿಯನ್ನೂ ವ್ಯರ್ಥಮಾಡುವ ಅಧಿಕಾರ ವಿಶ್ವಸ್ಥರಿಗಿಲ್ಲ. ಪರಿಚಯದ ಅಂಗಡಿಯೆಂಬ ದಾಕ್ಷಿಣ್ಯದಿಂದ ಹೆಚ್ಚು ತೆತ್ತರೆ ಅದೂ ದೋಷವೇ. ಆದರೆ ಉಳಿತಾಯವೊಂದೇ ಅಳತೆಯಲ್ಲ. ಉತ್ಸವದ ಸಾಮಗ್ರಿ ಕೊಳ್ಳುವಾಗ ಊರಿನ ವರ್ತಕರನ್ನು ಮೊದಲು ಕರೆದು, ತೂಕ, ಗುಣ, ಬೆಲೆಗಳನ್ನು ಸಭೆಯಲ್ಲಿ ಬಹಿರಂಗವಾಗಿ ಪರೀಕ್ಷಿಸಲಿ. ಅಂತರ ಅಲ್ಪವಾದರೆ ಊರಿನಲ್ಲಿಯೇ ಕೊಳ್ಳಲಿ. ಅಧಿಕವಾದರೆ ಕಾರಣವನ್ನು ಕೇಳಲಿ, ಬೇರೆಡೆ ಕೊಂಡರೆ ಆ ಕಾರಣವನ್ನು ದಾಖಲೆಯಲ್ಲಿ ಬರೆಯಲಿ. ವರ್ತಕನಿಗೆ ತಿದ್ದಿಕೊಳ್ಳಲು ಅವಕಾಶ, ದಾನಿಗೆ ಲೆಕ್ಕ, ಎರಡೂ ಇದರಿಂದ ಸಲ್ಲುತ್ತವೆ. ಪರಿಗ್ರಹಕ್ಕೆ ಪರಿಮಾಣವಿರಬೇಕೆಂದು ಒಪ್ಪಿದವರು ಉಳಿತಾಯದ ಆಸೆಗೂ ಒಂದು ಪರಿಮಾಣವನ್ನು ಇಟ್ಟುಕೊಳ್ಳುವುದು ಉಚಿತ.