ಕತ್ತಿ ಯಾರ ಕೈಯಲ್ಲಿತ್ತು?

‘ಶೋಗನ್’ ಸೀರೀಸ್ ನೋಡಿದವರಿಗೆ ಮರಿಕೊ ನೆನಪಿರಲೇಬೇಕು. ಹಡಗಿನ ಇಂಗ್ಲಿಷಿನವನಿಗೂ ಜಪಾನಿ ದೊರೆಗೂ ನಡುವೆ ನಿಂತು ಮಾತು ದಾಟಿಸುವ, ಕೊರಳಲ್ಲಿ ಶಿಲುಬೆ ಇರುವ, ಮುಖದಲ್ಲಿ ಏನನ್ನೂ ಬಿಟ್ಟುಕೊಡದ ಹೆಂಗಸು. ಅವಳ ಹಿಂದೆ ನಿಜವಾದ ಒಬ್ಬಳಿದ್ದಳು. ಹೆಸರು ತಮಾ, ಅಂದರೆ ರತ್ನ. ಚರಿತ್ರೆಯ ಪುಸ್ತಕಗಳಲ್ಲಿ ಅವಳು ಹೊಸೊಕಾವಾ ಗ್ರೇಸಿಯಾ. ಈ ಹೆಸರಲ್ಲಿ ಅವಳನ್ನು ಬದುಕಿದ್ದಾಗ ಯಾರೂ ಕರೆದಿರಲಿಕ್ಕಿಲ್ಲ. ಆ ಕಾಲದ ಜಪಾನಿನಲ್ಲಿ ಹೆಂಡತಿಗೆ ಗಂಡನ ಮನೆತನದ ಹೆಸರು ಅಂಟಿಸುವ ರೂಢಿ ಇರಲಿಲ್ಲ. ಹಿಂದಿನ ಅರ್ಧವನ್ನು ನಂತರದವರು ಸೇರಿಸಿದ್ದು. ಮುಂದಿನ ಅರ್ಧ ಮಾತ್ರ ಅವಳೇ ಪಡೆದುಕೊಂಡದ್ದು.

ಕಾದಂಬರಿಯಲ್ಲೂ ಸೀರೀಸಿನಲ್ಲೂ ಅವಳ ಕತೆ ಬೇರೆ ದಾರಿ ಹಿಡಿಯುತ್ತೆ, ಅದು ಬಿಡಿ. ನನ್ನನ್ನು ಕಾಡ್ತಿರೋದು ಅಸಲಿ ಹೆಂಗಸಿನ ಸಾವು. 1600ರ ಆಗಸ್ಟ್ 25ರಂದು ಒಸಾಕಾದ ತಮತ್ಸುಕುರಿ ಅನ್ನೋ ಜಾಗದ ಗಂಡನ ಮನೆಯಲ್ಲಿ ಅವಳು ಸತ್ತಳು. ವಯಸ್ಸು 37. ಗಂಡ ತದಾಓಕಿ ಊರಲ್ಲಿರಲಿಲ್ಲ, ತೊಕುಗಾವಾ ಇಯೆಯಾಸು ಜೊತೆ ಪೂರ್ವದ ಕಡೆ ದಂಡಿಗೆ ಹೋಗಿದ್ದ. ಇಯೆಯಾಸುವಿನ ವಿರೋಧಿ ಇಶಿದಾ ಮಿತ್ಸುನಾರಿ ಇದೇ ಸಮಯ ನೋಡಿ, ಆ ಪಕ್ಷದ ದೊರೆಗಳ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಳ್ಳಲು ಹೊರಟ. ಅಂಥ ಪರಿಸ್ಥಿತಿ ಬಂದರೆ ಏನು ಮಾಡಬೇಕು ಅಂತ ತದಾಓಕಿ ಮೊದಲೇ ಹೇಳಿ ಹೋಗಿದ್ದ: ಹೆಂಡತಿ ಶತ್ರುವಿನ ಕೈಗೆ ಸಿಗಬಾರದು, ಅವಳನ್ನು ಕೊಂದು ನೀವೂ ಸಾಯಿರಿ. ಹಾಗೇ ಆಯಿತು. ಮನೆಯ ಹಿರಿಯ ಆಳು ಒಗಸವಾರಾ ಶೋಸಾಯ್ ಅವಳನ್ನು ಕೊಂದ. ಮನೆಗೆ ಬೆಂಕಿ ಇಟ್ಟರು. ಅವನೂ ಜೊತೆಗಿದ್ದವರೂ ಹೊಟ್ಟೆ ಸೀಳಿಕೊಂಡು ಸತ್ತರು.

ಸಾಮುರಾಯ್ ಮನೆಯ ಹೆಂಗಸು ಇಂಥ ಹೊತ್ತಲ್ಲಿ ತಾನೇ ಕತ್ತಿ ಎತ್ತಿಕೊಳ್ಳೋದು ರೂಢಿ. ಇವಳು ಎತ್ತಿಕೊಳ್ಳಲಿಲ್ಲ. ಅವಳು ಕ್ರೈಸ್ತಳು, ಅವಳ ಧರ್ಮದಲ್ಲಿ ಆತ್ಮಹತ್ಯೆ ಪಾಪ. ಅದಕ್ಕೇ ಕತ್ತಿ ಇನ್ನೊಬ್ಬನ ಕೈಯಲ್ಲಿತ್ತು ಅಂತ ಎಲ್ಲರೂ ಹೇಳ್ತಾರೆ.

ಇದು ನಿಜಕ್ಕೂ ಒಂದು ಉತ್ತರವಾ? ಕತ್ತಿ ಯಾರ ಕೈಯಲ್ಲಿದೆ ಅನ್ನೋದರಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ? ಆಜ್ಞೆ ಗಂಡನದು, ಕೈ ಆಳಿನದು, ಒಪ್ಪಿಗೆ ಅವಳದು. ಮೂರು ಭಾಗ ಮಾಡಿ ಹಂಚಿಕೊಂಡರೆ ಯಾರ ಪಾಲಿಗೂ ಪೂರ್ತಿ ಪಾಪ ಬರಲ್ಲ. ಗಂಡ ಸ್ಥಳದಲ್ಲಿಲ್ಲ. ಆಳು ಹೇಳಿದ್ದು ಮಾಡಿದ. ಅವಳು ಏನೂ ಮಾಡಲೇ ಇಲ್ಲ, ಕೂತಿದ್ದಳು ಅಷ್ಟೆ. ಆಫೀಸಿನಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆದ ದಿನ ನೀವು ಇದೇ ಲೆಕ್ಕ ಕೇಳಿರ್ತೀರಿ: ನಿರ್ಧಾರ ಮೇಲಿನವರದು, ಮೇಲ್ ಕಳಿಸಿದ್ದು ಎಚ್‌ಆರ್, ರಾಜೀನಾಮೆಗೆ ಸಹಿ ಮಾಡಿದ್ದು ಅವನೇ.

ಈ ಪ್ರಶ್ನೆ ಇವಳಿಗಿಂತ ಸಾವಿರ ವರ್ಷಕ್ಕೂ ಹಳೆಯದು. ಸಂತ ಅಗಸ್ಟಿನ್ ‘ದೇವರ ನಗರ’ದ ಮೊದಲ ಭಾಗದಲ್ಲೇ ಇದರ ಜೊತೆ ಗುದ್ದಾಡಿದ್ದಾನೆ. ಬಲಾತ್ಕಾರಕ್ಕೆ ಒಳಗಾಗಿ ತನ್ನನ್ನು ತಾನೇ ಇರಿದುಕೊಂಡ ರೋಮಿನ ಲುಕ್ರೀಷಿಯಾಳನ್ನು ಎಲ್ಲರೂ ಹೊಗಳುತ್ತಿದ್ದಾಗ, ತಪ್ಪೇ ಮಾಡದ ಹೆಂಗಸು ಸತ್ತದ್ದು ಯಾಕೆ ಅಂತ ಕೇಳಿದವನು ಅವನು. ಆದರೆ ಹಿಂಸೆ ತಪ್ಪಿಸಿಕೊಳ್ಳಲು ನೀರಿಗೆ ಹಾರಿದ, ಚರ್ಚು ಸಂತರೆಂದು ಪೂಜಿಸುತ್ತಿದ್ದ ಹೆಂಗಸರ ವಿಷಯ ಬಂದಾಗ ಅವನೂ ತೀರ್ಪು ಕೊಡಲು ಹಿಂಜರಿದ. ನಿಯಮ ಬರೆದವನಿಗೇ ಅದನ್ನು ಎಲ್ಲರ ಮೇಲೂ ಒಂದೇ ಥರ ಹಾಕಲು ಧೈರ್ಯ ಬರಲಿಲ್ಲ.

ತಮಾಳ ವಿಷಯದಲ್ಲಿ ಎಲ್ಲರೂ ಆ ಒಂದು ದಿನವನ್ನು ಮಾತ್ರ ನೋಡ್ತಾರೆ ಅಂತ ನನ್ನ ತಕರಾರು. ಅವಳಿಗೆ ಆಯ್ಕೆ ಇತ್ತಾ ಇಲ್ಲವಾ ಅಂತ ಕೊನೇ ಹತ್ತು ನಿಮಿಷ ನೋಡಿ ಹೇಳಕ್ಕಾಗಲ್ಲ. ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅವಳು ಅಕೆಚಿ ಮಿತ್ಸುಹಿದೆಯ ಮಗಳು. 1578ರಲ್ಲಿ, 15ರ ವಯಸ್ಸಿಗೆ, ಓದಾ ನೊಬುನಾಗಾ ಕುದುರಿಸಿದ ಮದುವೆ. ಹುಡುಗನಿಗೂ ಅಷ್ಟೇ ವಯಸ್ಸು. ನಾಲ್ಕು ವರ್ಷ ಆದಮೇಲೆ, 1582ರ ಜೂನ್‌ನಲ್ಲಿ, ಅವಳ ಅಪ್ಪ ಅದೇ ನೊಬುನಾಗಾನ ಮೇಲೆ ಕ್ಯೋಟೋದ ಹೊನ್ನೋಜಿ ದೇವಾಲಯದಲ್ಲಿ ದಾಳಿ ಮಾಡಿ ಅವನ ಸಾವಿಗೆ ಕಾರಣನಾದ. ಬೀಗರು ಬೆಂಬಲಕ್ಕೆ ಬರುತ್ತಾರೆ ಅಂದುಕೊಂಡಿದ್ದ. ಮಾವನೂ ಗಂಡನೂ ನೊಬುನಾಗಾನಿಗೆ ಶೋಕ ಅಂತ ತಲೆಗೂದಲು ತೆಗೆಸಿಕೊಂಡು ಸುಮ್ಮನೆ ಕೂತರು. ಹನ್ನೊಂದೇ ದಿನಕ್ಕೆ ಹಿದೆಯೋಶಿ ಯಮಜಾಕಿಯಲ್ಲಿ ಅವನನ್ನು ಸೋಲಿಸಿದ. ಓಡಿಹೋಗುವಾಗ ದಾರಿಯಲ್ಲೇ ಅವನ ಕತೆ ಮುಗಿಯಿತು.

ಈಗ ತಮಾ ದ್ರೋಹಿಯ ಮಗಳು. ಗಂಡ ಅವಳನ್ನು ಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಕೊಂದಿದ್ದರೂ ಅಷ್ಟೆ. ಅವನು ತಾಂಗೋ ಪ್ರಾಂತ್ಯದ ಮಿದೊನೊ ಅನ್ನೋ ಬೆಟ್ಟದ ಹಳ್ಳಿಯಲ್ಲಿ ಬಚ್ಚಿಟ್ಟ. ಸುಮಾರು ಎರಡು ವರ್ಷ ಅಲ್ಲಿದ್ದಳು. 1584ರಲ್ಲಿ ಹಿದೆಯೋಶಿ ಒಪ್ಪಿದ ಮೇಲೆ ವಾಪಸು ಕರೆಸಿಕೊಂಡರು. ಒಸಾಕಾದ ಮನೆಯಲ್ಲೂ ಹೊರಗೆ ಕಾಲಿಡುವ ಹಾಗಿರಲಿಲ್ಲ. ಬೆಟ್ಟ ಹೋಗಿ ಗೋಡೆ ಬಂತು.

ಆ ಗೋಡೆಯೊಳಗೆ ಹೊಸ ಧರ್ಮದ ಮಾತು ಬಂದದ್ದು ತಮಾಷೆಯ ದಾರಿಯಲ್ಲಿ: ಗಂಡನ ಮೂಲಕವೇ. ಅವನ ಗೆಳೆಯ ತಕಾಯಾಮಾ ಉಕೊನ್ ಹೆಸರಾಂತ ಕ್ರೈಸ್ತ ದೊರೆ. ಅವನು ಹೇಳಿದ್ದನ್ನು ತದಾಓಕಿ ಮನೆಗೆ ಬಂದು ಹರಟೆಯಾಗಿ ಹೇಳ್ತಿದ್ದ, ಇವಳು ಕೇಳಿಸಿಕೊಳ್ತಿದ್ದಳು. ಝೆನ್ ಓದಿಕೊಂಡಿದ್ದವಳು, ವಾದಕ್ಕೆ ನಿಂತರೆ ಬಿಡುವವಳಲ್ಲ. 1587ರ ವಸಂತದಲ್ಲಿ ತದಾಓಕಿ ಕ್ಯೂಷು ಯುದ್ಧಕ್ಕೆ ಹೋದಾಗ, ಪರಿಚಾರಿಕೆಯರ ಗುಂಪಿನಲ್ಲಿ ಅವರಲ್ಲೊಬ್ಬಳ ಹಾಗೆ ಸೇರಿಕೊಂಡು ಒಸಾಕಾದ ಚರ್ಚಿಗೆ ಹೋದಳು. ಈಸ್ಟರ್ ಸಮಯ. ಅಲ್ಲಿದ್ದ ಜಪಾನಿ ಬ್ರದರ್ ಕೊಸ್ಮೆಯ ಜೊತೆ ಗಂಟೆಗಟ್ಟಲೆ ಚರ್ಚೆ ಮಾಡಿದಳು. ಇಷ್ಟು ತಿಳಿವಳಿಕೆಯ ಹೆಂಗಸನ್ನು ನೋಡೇ ಇಲ್ಲ ಅಂತ ಅವನು ಬೆರಗಾದನೆಂದು ಜೆಸುಯಿಟ್ ಪತ್ರಗಳು ಹೇಳುತ್ತವೆ. ಈಗಲೇ ಜ್ಞಾನಸ್ನಾನ ಕೊಡಿ ಅಂದಳು. ಯಾರು ಏನು ಅಂತ ಹೇಳದ ಹೆಂಗಸಿಗೆ ಅವರು ಕೊಡಲಿಲ್ಲ.

ಮತ್ತೆ ಅವಳಿಗೆ ಹೋಗಲು ಆಗಲಿಲ್ಲ. ಬದಲಿಗೆ ಪರಿಚಾರಿಕೆಯರನ್ನು ಕಳಿಸಿದಳು. ಅವರು ಒಬ್ಬೊಬ್ಬರಾಗಿ ಕ್ರೈಸ್ತರಾಗಿ ವಾಪಸು ಬಂದರು. ಮೊದಲು ದಾಸಿಯರು, ಕೊನೆಗೆ ಒಡತಿ. ಅದೇ ವರ್ಷದ ಬೇಸಿಗೆಯಲ್ಲಿ ಹಿದೆಯೋಶಿ ಪಾದ್ರಿಗಳೆಲ್ಲ ದೇಶ ಬಿಡಬೇಕು ಅಂತ ಆಜ್ಞೆ ಹೊರಡಿಸಿದ. ಬುದ್ಧಿ ಇರುವವರು ಆ ಸಮಯದಲ್ಲಿ ಹಿಂದೆ ಸರೀತಾರೆ. ಇವಳು ಆಗಲೇ ಹಟ ಹಿಡಿದಳು. ಪಾದ್ರಿ ಒಳಗೆ ಬರುವಂತಿಲ್ಲ, ಇವಳು ಹೊರಗೆ ಹೋಗುವಂತಿಲ್ಲ. ಹಾಗಾಗಿ ಪಾದ್ರಿ ಸೆಸ್ಪೆದೆಸ್, ಪರಿಚಾರಿಕೆ ಕಿಯೊಹಾರಾ ಮರಿಯಾಳಿಗೆ ವಿಧಿ ಹೇಳಿಕೊಟ್ಟ. ಮನೆಯೊಳಗೆ, ಗಂಡನಿಗೆ ಗೊತ್ತಿಲ್ಲದೆ, ದಾಸಿಯೊಬ್ಬಳು ಒಡತಿಯ ತಲೆಗೆ ನೀರು ಹಾಕಿ ಗ್ರೇಸಿಯಾ ಅಂತ ಹೆಸರಿಟ್ಟಳು. ಹಿಂದಿನ ಮೂರು ತಿರುವುಗಳಲ್ಲಿ, ಮದುವೆ, ಬೆಟ್ಟ, ವಾಪಸಾತಿ, ಅವಳನ್ನು ಯಾರೂ ಕೇಳಿರಲಿಲ್ಲ. ಇದನ್ನು ಮಾತ್ರ ಅವಳೇ ಮಾಡಿಕೊಂಡಳು, ಅದೂ ಅಪಾಯ ಗೊತ್ತಿದ್ದೇ.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕತೆ. ಆದರೆ ಮುಂದಿನದು ನನಗೆ ಜೀರ್ಣವಾಗದ ಭಾಗ. ತದಾಓಕಿ ಯುದ್ಧದಿಂದ ಬಂದ. ಅವನ ಸಿಟ್ಟು, ಸಂಶಯ ಎರಡೂ ಕುಖ್ಯಾತ. ಹೆಂಡತಿಯನ್ನು ಕಣ್ಣೆತ್ತಿ ನೋಡಿದ ಅಂತ ಆಳೊಬ್ಬನನ್ನು ಕೊಂದು ತಲೆಯನ್ನು ಅವಳೆದುರಿಟ್ಟನಂತೆ, ಅವಳು ಅಲ್ಲಾಡಲಿಲ್ಲವಂತೆ, ನೀನು ಹಾವು ಅಂದನಂತೆ, ರಾಕ್ಷಸನ ಹೆಂಡತಿಗೆ ಹಾವೇ ಸರಿ ಅಂದಳಂತೆ. ಇದು ದಂತಕತೆ. ಆದರೆ ಮನೆಯ ಕ್ರೈಸ್ತ ಸೇವಕಿಯರ ಮೇಲೆ ಅವನ ಕ್ರೌರ್ಯದ ಬಗ್ಗೆ, ಅವಳು ಅವನನ್ನು ಬಿಟ್ಟು ಹೋಗಲು ಬಯಸಿದ್ದರ ಬಗ್ಗೆ ಪಾದ್ರಿಗಳ ಪತ್ರಗಳಲ್ಲೇ ಇದೆ. ಪಾದ್ರಿಗಳು ಬೇಡ ಅಂದರು. ಮದುವೆ ಮುರಿಯುವಂತಿಲ್ಲ, ತಾಳಿಕೋ ಅಂದರು. ಆ ಕಾಲದ ಜಪಾನಿನಲ್ಲಿ ಗಂಡ ಹೆಂಡತಿ ಬೇರೆಯಾಗೋದು ಅಂಥಾ ಅಪರೂಪವಲ್ಲ, ಅಸಾಧ್ಯವೂ ಅಲ್ಲ. ಅವಳಿಗೆ ‘ನಾನು’ ಅನ್ನೋದನ್ನು ಕೊಟ್ಟ ಧರ್ಮವೇ ಬಾಗಿಲಿನ ಚಿಲಕವನ್ನೂ ಹಾಕಿತು.

ಲೆಕ್ಕ ನೋಡಿ. ಗಂಡನ ಮನೆಯ ನಿಯಮ: ಹೊರಗೆ ಹೋಗಬೇಡ, ಸಿಕ್ಕಿಬೀಳಬೇಡ, ಬೇಕಾದರೆ ಸಾಯಿ. ಚರ್ಚಿನ ನಿಯಮ: ಬಿಟ್ಟು ಹೋಗಬೇಡ, ಸಾಯಿಸಿಕೊಳ್ಳಬೇಡ. ಎರಡನ್ನೂ ಒಟ್ಟಿಗೆ ಪಾಲಿಸುವ ಸಂದಿಯೊಂದಿದ್ದರೆ ಅದು ಶೋಸಾಯ್‌ನ ಕೈಯಲ್ಲಿದ್ದ ಉದ್ದ ಹಿಡಿಯ ಕತ್ತಿ. ಇದನ್ನು ‘ಅವಳ ಆಯ್ಕೆ’ ಅಂತ ಚಪ್ಪಾಳೆ ತಟ್ಟೋಕೆ ನನಗೆ ಕೈ ಬರಲ್ಲ.

ಹಾಗಂತ ‘ಪಾಪ, ಬಲಿಪಶು’ ಅನ್ನಲೂ ಆಗಲ್ಲ. ಯಾಕೆಂದರೆ ಅವಳಿಗೆ ಹೊರಹೋಗುವ ದಾರಿ ಇತ್ತು. ಮಿತ್ಸುನಾರಿ ಕಡೆಯವರು ಮೊದಲು ಸೌಮ್ಯವಾಗಿ ಕೇಳಿದ್ದರು. ಕೋಟೆಯೊಳಗೆ ಬರೋದು ಕಷ್ಟವಾದರೆ ಪಕ್ಕದ ಉಕಿತಾ ಮನೆಯವರೆಗೆ ಬಂದರೂ ಸಾಕು, ಅವರು ನಿಮಗೆ ಬೀಗರೇ ಅಲ್ವಾ ಅಂದರು. ಅವಳು ಒಪ್ಪಲಿಲ್ಲ. ಉಕಿತಾ ಯಾರ ಕಡೆ ಅಂತ ಅವಳಿಗೆ ಗೊತ್ತಿತ್ತು. ಒತ್ತೆಯಾಳಾಗಿ ಇರೋದು ಅಂದರೇನು ಅಂತ ಅವಳಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಕೊನೇ ಹೊತ್ತಲ್ಲಿ ಪರಿಚಾರಿಕೆಯರು ಜೊತೆಗೇ ಸಾಯ್ತೀವಿ ಅಂದರು. ಅವಳು ಬಿಡಲಿಲ್ಲ, ಹೊರಗೆ ಕಳಿಸಿದಳು. ಸಾಯೋದು ದೊಡ್ಡದು ಅಂತ ಅವಳು ನಿಜವಾಗಿ ನಂಬಿದ್ದರೆ ಅವರನ್ನೂ ಜೊತೆಗಿಟ್ಟುಕೊಳ್ಳುತ್ತಿದ್ದಳಲ್ಲವೇ? ಅವರನ್ನು ಕಳಿಸುವ ಅಧಿಕಾರ ಅವಳಿಗಿತ್ತು, ತನ್ನನ್ನು ಕಳಿಸಿಕೊಳ್ಳುವ ಅಧಿಕಾರ ಇರಲಿಲ್ಲ. ಇದ್ದಷ್ಟನ್ನು ಪೂರ್ತಿ ಬಳಸಿದಳು. ನಾನು ತಲೆಬಾಗುವುದು ಅವಳ ಸಾವಿಗಲ್ಲ, ಈ ಅಪ್ಪಣೆಗೆ.

ಇನ್ನೊಬ್ಬಳ ಹೆಸರು ಹೇಳಬೇಕು: ಚಿಯೊ. ಗ್ರೇಸಿಯಾಳ ಹಿರಿಯ ಮಗ ತದಾತಕಾನ ಹೆಂಡತಿ, ಪ್ರಬಲ ಮಾಏದಾ ಮನೆತನದ ಮಗಳು. ಉಕಿತಾ ಮನೆಯಲ್ಲಿದ್ದವಳು ಅವಳ ಅಕ್ಕ. ಅದೇ ದಿನ ಅವಳು ಆ ಮನೆಗೆ ಹೋಗಿ ಬದುಕಿಕೊಂಡಳು. ಯುದ್ಧ ಮುಗಿಸಿ ಬಂದ ತದಾಓಕಿ ಮಗನಿಗೆ ಏನು ಹೇಳಿದ ಗೊತ್ತಾ? ಅವಳನ್ನು ಬಿಟ್ಟುಬಿಡು. ಮಗ ಒಪ್ಪಲಿಲ್ಲ. ಹಿರಿಯ ಮಗನಾದರೂ ಅವನಿಗೆ ಉತ್ತರಾಧಿಕಾರ ತಪ್ಪಿತು. ಬದುಕಿದ ತಪ್ಪಿಗೆ ಸೊಸೆಗೆ ಶಿಕ್ಷೆ, ಅವಳನ್ನು ಬಿಡದ ತಪ್ಪಿಗೆ ಮಗನಿಗೆ ಶಿಕ್ಷೆ. ಗ್ರೇಸಿಯಾ ಸ್ವಇಚ್ಛೆಯಿಂದ ಸತ್ತಳು ಅನ್ನುವವರು ಚಿಯೊಳ ಕತೆ ಓದಿ ಆಮೇಲೆ ಮಾತಾಡಲಿ. ಇನ್ನೊಂದು ದಾರಿ ಹಿಡಿದವರಿಗೆ ಏನು ಮಾಡುತ್ತಾರೆ ಅನ್ನೋದರಲ್ಲೇ ಈ ಇಚ್ಛೆ ಎಷ್ಟು ಸ್ವಂತದ್ದು ಅಂತ ಗೊತ್ತಾಗುತ್ತೆ. ತದಾತಕಾ ಬಗ್ಗೆ ಯಾರೂ ಸೀರೀಸ್ ಮಾಡಿಲ್ಲ, ಮಾಡಬೇಕಿತ್ತು.

ಅದೇ ತದಾಓಕಿ ಹೆಂಡತಿಗಾಗಿ ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿ, ತಾನೂ ಹೋಗಿ ಕೂತ. ದುಃಖ ನಿಜವೇ ಇರಬಹುದು. ಮುಂದೆ ಮನೆತನಕ್ಕೆ ದೊರೆಯಾದವನು ಇನ್ನೊಬ್ಬ ಮಗ ತದಾತೋಶಿ. 1638ರಲ್ಲಿ ಶಿಮಬಾರಾದ ಕ್ರೈಸ್ತ ರೈತರ ದಂಗೆಯನ್ನು ಅಳಿಸಿಹಾಕಿದ ಸೈನ್ಯದಲ್ಲಿ ಅವನ ದಂಡೂ ಇತ್ತು. 1698ರಲ್ಲಿ ವಿಯೆನ್ನಾದ ಜೆಸುಯಿಟ್ಟರು ಚಕ್ರವರ್ತಿಯ ಎದುರು ಅವಳ ಬಗ್ಗೆ ಲ್ಯಾಟಿನ್ ಸಂಗೀತ ನಾಟಕ ಆಡಿದರು. ಅದರಲ್ಲಿ ಒತ್ತೆಯೂ ಇಲ್ಲ, ಶೋಸಾಯ್‌ನೂ ಇಲ್ಲ. ಕ್ರೂರ ಗಂಡನ ಹಿಂಸೆಗೆ ಧರ್ಮಕ್ಕಾಗಿ ಪ್ರಾಣ ಬಿಡುವ ಸಾಧ್ವಿ. ಜಪಾನಿನವರಿಗೆ ಅವಳು ಮನೆತನದ ಮಾನ ಕಾದ ಪತಿವ್ರತೆ, ಯುರೋಪಿಗೆ ಗಂಡನನ್ನು ಎದುರಿಸಿದ ಹುತಾತ್ಮೆ. ಒಂದೇ ಸಾವು, ಎರಡು ಕಡೆಯವರೂ ತಮಗೆ ಬೇಕಾದಷ್ಟು ಕತ್ತರಿಸಿಕೊಂಡರು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಬೇಕಾದ್ದು ಶಿಮೊ ಬರೆಸಿಟ್ಟ ನೆನಪು. ಶಿಮೊ ಅವತ್ತು ಮನೆಯಲ್ಲಿದ್ದ ಪರಿಚಾರಿಕೆ. ಗಂಡನಿಗೆ ತಲುಪಿಸಲು ಪತ್ರ ಕೊಟ್ಟು ಗ್ರೇಸಿಯಾ ಹೊರಗೆ ಕಳಿಸಿದ ಇಬ್ಬರಲ್ಲಿ ಒಬ್ಬಳು. 48 ವರ್ಷ ಕಳೆದು, 1648ರಲ್ಲಿ, ಗ್ರೇಸಿಯಾಳ ಮೊಮ್ಮಗ ಮಿತ್ಸುಹಿಸಾ ಕೇಳಿದ್ದಕ್ಕೆ ಮುದುಕಿ ಹೇಳಿದಳು. ಅದರಲ್ಲಿ ಹುತಾತ್ಮೆ ಇಲ್ಲ, ಹಾವೂ ಇಲ್ಲ. ಬಾಗಿಲಿಗೆ ಯಾರು ಬಂದರು, ಏನು ಕೇಳಿದರು, ಒಳಗಿಂದ ಏನು ಉತ್ತರ ಹೋಯಿತು, ಶೋಸಾಯ್ ಏನು ಹೇಳಿದ, ಅಷ್ಟೆ. ಅವರಿಬ್ಬರೂ ಗೇಟಿನ ಹತ್ತಿರ ಬರುವ ಹೊತ್ತಿಗೆ ಮನೆಗೆ ಆಗಲೇ ಬೆಂಕಿ ಬಿದ್ದಿತ್ತು.